ದೀಪಸ್ತಂಭ

ಬಾದಾಮಿಯಿಂದ ಸುಮಾರು ಐದು ಕಿಲೋಮೀಟರು ದೂರದಲ್ಲಿ, ಚೊಳಚಗುಡ್ಡದ ಬಳಿ, ಬನಶಂಕರಿಯ ಕ್ಷೇತ್ರವಿದೆ. ಪುಷ್ಯಮಾಸದ ಹುಣ್ಣಿಮೆಯನ್ನು ಆ ಸೀಮೆಯ ಜನರು ಬನದ ಹುಣ್ಣಿಮೆಯೆಂದೇ ಕರೆಯುತ್ತಾರೆ. ಅಂದು ಅಲ್ಲಿ ತೇರು ಸಾಗುತ್ತದೆ. ಬಾಗಲಕೋಟೆ, ಹುನಗುಂದ, ಇಳಕಲ್ಲುಗಳಿಂದ ಹಿಂದೆ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದ ಜನ ಈಗ ಬಸ್ಸುಗಳಲ್ಲಿ ಬರುತ್ತಾರೆ. ನಾಟಕದ ಕಂಪನಿಗಳು ಬೀಡು ಬಿಟ್ಟು, ರಾತ್ರಿಯೆಲ್ಲ ಆಟ ಆಡುತ್ತವೆ. ಗುಡಿಯ ಮುಂದೆ ಹರಿದ್ರಾತೀರ್ಥವೆಂಬ ವಿಶಾಲವಾದ ಹೊಂಡ. ಅದರ ಮೂರು ಕಡೆ ಕಲ್ಲಿನ ಮಂಟಪಗಳ ಸಾಲು. ಹೊಂಡದ ಪಶ್ಚಿಮ ದಂಡೆಯಲ್ಲಿಯೂ ಗುಡಿಯ ಎದುರಿನಲ್ಲಿಯೂ ದೀಪಗಳನ್ನು ಹಚ್ಚಿಡುವುದಕ್ಕೆಂದು ಎತ್ತರಿಸಿದ ಕಲ್ಲಿನ ಕಟ್ಟಡಗಳಿವೆ. ದಂಡೆಯ ಮೇಲಿರುವುದು ಬರಿಯ ಕಂಬವಲ್ಲ. ವಿಜಯನಗರದ ಶೈಲಿಯೂ ಇಸ್ಲಾಮೀ ಶೈಲಿಯೂ ಬೆರೆತಿರುವ ಕಾವಲು ಗೋಪುರ ಅದು. ದೂರದ ದಾರಿಯನ್ನು ನೋಡುವ ಕಣ್ಣೂ ಅದೇ, ದೂರದವರಿಗೆ ಕಾಣುವ ಬೆಳಕೂ ಅದೇ. ಇವುಗಳಿಗೆ ದೀಪಸ್ತಂಭಗಳೆಂದು ಹೆಸರು.

ಈ ನಾಡಿನಿಂದ ಕಡಲು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಆದರೂ ಕಡಲ ತೀರದಲ್ಲಿ ನಿಂತು ಹಡಗುಗಳಿಗೆ ದಾರಿ ತೋರುವ ಎತ್ತರದ ಗೋಪುರಕ್ಕೆ ಹೆಸರು ಬೇಕಾದಾಗ, ಕನ್ನಡವು ಹೊಸ ಪದವನ್ನು ಹುಡುಕಲಿಲ್ಲ. ಗುಡಿಯ ಮುಂದಿನ ಪದವನ್ನೇ ಅದಕ್ಕೂ ಕೊಟ್ಟಿತು. ದೇವರ ಎದುರಿನ ಬೆಳಕಿಗೂ ನಾವಿಕನ ಎದುರಿನ ಬೆಳಕಿಗೂ ಒಂದೇ ಹೆಸರಾದುದು ಹೇಗೆ? ಆ ಹೆಸರು ಮುಂದೆ ಸಂಗೀತಕ್ಕೆ, ಚಲನಚಿತ್ರಕ್ಕೆ, ಕಟ್ಟಡಗಳಿಗೆ ಸಂದುದಾದರೂ ಏಕೆ? ಇದು ವಿಚಾರ ಮಾಡತಕ್ಕ ವಿಷಯ.

ಒಂದು ಹೆಸರು ತನ್ನ ಊರನ್ನು ಬಿಟ್ಟು ಹೊರಡುವುದು ಹೊಸ ಸಂಗತಿಯೇನಲ್ಲ. ಕ್ರಿಸ್ತಪೂರ್ವ 280ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ಎದುರಿಗಿದ್ದ ಫಾರೋಸ್ ಎಂಬ ನಡುಗಡ್ಡೆಯಲ್ಲಿ ನೂರು ಮೀಟರಿಗೂ ಎತ್ತರವೆನ್ನಲಾದ ದೀಪಸ್ತಂಭವನ್ನು ಕಟ್ಟಿದರು. ಪ್ರಾಚೀನರು ಅದನ್ನು ಜಗತ್ತಿನ ಏಳು ಅದ್ಭುತಗಳಲ್ಲಿ ಒಂದೆಂದು ಎಣಿಸಿದರು. ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಭೂಕಂಪಗಳು ಅದನ್ನು ಕೆಡವಿದವು. ಕಟ್ಟಡ ಉಳಿಯಲಿಲ್ಲ, ಹೆಸರು ಉಳಿಯಿತು. ಫ್ರೆಂಚರು ದೀಪಸ್ತಂಭವನ್ನು ‘ಫಾರ್’ ಎನ್ನುತ್ತಾರೆ. ಇಟಲಿಯವರೂ ಸ್ಪೇನಿನವರೂ ‘ಫಾರೋ’ ಎನ್ನುತ್ತಾರೆ. ಒಂದು ಸಣ್ಣ ನಡುಗಡ್ಡೆಯ ಹೆಸರು ಲೋಕದ ದೀಪಗೋಪುರಗಳಿಗೆಲ್ಲ ಹೆಸರಾಯಿತು.

ದೀಪಸ್ತಂಭದ ಕೆಲಸ ಸರಳವಾದುದು, ಆದರೆ ಸುಲಭವಾದುದಲ್ಲ. ಭೂಮಿಯು ದುಂಡಗಿರುವುದರಿಂದ ನೆಲಮಟ್ಟದ ದೀಪವು ಎಷ್ಟೇ ಪ್ರಖರವಾಗಿದ್ದರೂ ಸ್ವಲ್ಪ ದೂರದಲ್ಲಿಯೇ ಮರೆಯಾಗುತ್ತದೆ. ಮೂವತ್ತು ಮೀಟರು ಎತ್ತರದ ದೀಪವಾದರೋ ನೀರಿನ ಮಟ್ಟದಲ್ಲಿರುವ ಕಣ್ಣಿಗೆ ಸುಮಾರು ಇಪ್ಪತ್ತು ಕಿಲೋಮೀಟರಿನವರೆಗೂ ಕಾಣಬಲ್ಲದು. ಮೊದಮೊದಲು ಸೌದೆಯನ್ನೂ ಕಲ್ಲಿದ್ದಲನ್ನೂ, ಅನಂತರ ಎಣ್ಣೆಯನ್ನೂ ಉರಿಸುತ್ತಿದ್ದರು. ಬೆಳಕಿನ ಬಹುಭಾಗ ಆಕಾಶಕ್ಕೂ ನೆಲಕ್ಕೂ ಚೆದುರಿ ವ್ಯರ್ಥವಾಗುತ್ತಿತ್ತು. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ಗಾಜಿನ ಪಟ್ಟಿಗಳನ್ನು ಉಂಗುರ ಉಂಗುರವಾಗಿ ಜೋಡಿಸಿ, ಚೆದುರುವ ಕಿರಣಗಳನ್ನು ಒಂದೇ ದಿಕ್ಕಿಗೆ ತಿರುಗಿಸುವ ಮಸೂರವನ್ನು ರಚಿಸಿದನು. 1823ರಲ್ಲಿ ಅದು ಕೊರ್ದುವಾನ್ ದೀಪಸ್ತಂಭದಲ್ಲಿ ಬೆಳಗಿತು. ಅಂದಿನಿಂದ ಸಣ್ಣ ಜ್ವಾಲೆಯೂ ಬಹುದೂರ ಮುಟ್ಟುವಂತಾಯಿತು. ಒಂದೊಂದು ದೀಪಸ್ತಂಭಕ್ಕೂ ಮಿನುಗುವ ಕ್ರಮ ಬೇರೆ ಬೇರೆ. ನಾವಿಕನು ಎರಡು ಮಿನುಗುಗಳ ನಡುವಣ ಕ್ಷಣಗಳನ್ನು ಎಣಿಸಿ, ‘ಇದು ಇಂಥ ಊರಿನ ದೀಪ’ ಎಂದು ಗುರುತಿಸುತ್ತಾನೆ. ಬೆಳಕೇ ಇಲ್ಲಿ ಊರಿನ ಹೆಸರನ್ನು ಹೇಳುತ್ತದೆ. ಉಡುಪಿ ಜಿಲ್ಲೆಯ ಕಾಪು ಎಂಬಲ್ಲಿ, ಕಡಲಂಚಿನ ಬಂಡೆಯ ಮೇಲೆ, 1901ರಿಂದ ಬೆಳಗುತ್ತಿರುವ ದೀಪಸ್ತಂಭವು ಕರ್ನಾಟಕದ ಕರಾವಳಿಯ ಇಂತಹ ದೀಪಗಳಲ್ಲಿ ಪ್ರಸಿದ್ಧವಾದುದು.

ಕಡಲಿಲ್ಲದ ಬಾಗಲಕೋಟೆಯ ಸೀಮೆಗೂ ಈ ಬೆಳಕಿಗೂ ಸಂಬಂಧವೇ ಇಲ್ಲವೆಂದು ಭಾವಿಸಬೇಕಾಗಿಲ್ಲ. ಬಾದಾಮಿಯ ದೊರೆ ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಸಿರಿಯೆನಿಸಿದ್ದ ಪುರಿಯನ್ನು ನೌಕೆಗಳಿಂದ ಮುತ್ತಿದನೆಂದು ಕ್ರಿಸ್ತಶಕ 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಬಣ್ಣಿಸಿದ್ದಾನೆ. ಅದೇ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘವು ಕಡಲಾಚೆಗೂ ವ್ಯಾಪಾರ ನಡೆಸಿತು. ಆ ಸಂಘಕ್ಕೆ ಸೇರಿದ, 1088ರ ತಮಿಳು ಶಾಸನವೊಂದು ದೂರದ ಸುಮಾತ್ರಾ ದ್ವೀಪದಲ್ಲಿ ದೊರೆತಿದೆ. ಮಲಪ್ರಭೆಯ ದಂಡೆಯ ಊರಿನ ಹೆಸರು ಹಡಗನ್ನೇರಿ ಅಷ್ಟು ದೂರ ಹೋಗಿದ್ದಿತು. ಇರುಳಿನಲ್ಲಿ ತೀರವನ್ನು ಅರಸುವ ಆತಂಕವನ್ನು ಆ ಹೆಸರಿನ ವರ್ತಕರೂ ಅರಿತವರೇ.

ಗುಡಿಗೂ ಕಡಲಿಗೂ ಬೆಳಕಿನ ನಂಟು ಬೆಸೆದುದಕ್ಕೆ ಇನ್ನೊಂದು ನಿದರ್ಶನವುಂಟು. 642ರಲ್ಲಿ ಬಾದಾಮಿಯನ್ನು ಗೆದ್ದ ಪಲ್ಲವ ನರಸಿಂಹವರ್ಮನಿಗೆ ಮಾಮಲ್ಲನೆಂದು ಬಿರುದು. ಅವನ ಶಾಸನ ಬಾದಾಮಿಯ ಬಂಡೆಯ ಮೇಲಿದೆ. ಅವನ ಬಿರುದು ತಮಿಳುನಾಡಿನ ಮಾಮಲ್ಲಪುರದ ಹೆಸರಿನಲ್ಲಿದೆ. ಆ ಮಾಮಲ್ಲಪುರದ ಗುಡ್ಡದ ನೆತ್ತಿಯಲ್ಲಿ ಪಲ್ಲವರ ಕಾಲದ ಒಂದು ಶಿವಾಲಯವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಮಾಳಿಗೆಯ ಮೇಲೆಯೇ ಹಡಗುಗಳಿಗಾಗಿ ದೀಪವನ್ನಿರಿಸಿದ್ದರು. ಮುಂದೆ ಅದರ ಬದಿಯಲ್ಲಿ ಹೊಸ ದೀಪಸ್ತಂಭ ಎದ್ದಿತು. ಗುಡಿಯೇ ದೀಪಸ್ತಂಭವಾದ ಊರು ಅದು.

ಆದರೆ ಕಲ್ಲು ಗಾಜುಗಳಿಂದ ಮಾತ್ರ ದೀಪಸ್ತಂಭವಾಗದು. ಅದನ್ನು ಕಾಯುವವರು ಬೇಕು. ಇಂಗ್ಲೆಂಡಿನ ಈಶಾನ್ಯ ತೀರದ ಫಾರ್ನ್ ದ್ವೀಪಗಳಲ್ಲಿ ಲಾಂಗ್‌ಸ್ಟೋನ್ ಎಂಬ ದೀಪಸ್ತಂಭವಿದೆ. 1838ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗೊಂದು ಅಲ್ಲಿನ ಬಂಡೆಗೆ ಬಡಿದು ಒಡೆಯಿತು. ದೀಪ ಕಾಯುವವನ ಮಗಳು, ಇಪ್ಪತ್ತೆರಡು ವರ್ಷದ ಗ್ರೇಸ್ ಡಾರ್ಲಿಂಗ್, ಕಿಟಕಿಯಿಂದ ಅದನ್ನು ಕಂಡಳು. ತಂದೆ ಮಗಳಿಬ್ಬರೂ ಸಣ್ಣ ದೋಣಿಯಲ್ಲಿ ಹೊರಟರು. ಬಂಡೆಯನ್ನು ಮುಟ್ಟಿದ ಮೇಲೆ ತಂದೆ ಕೆಳಗಿಳಿದನು. ಅಲೆಗಳ ಹೊಡೆತದಲ್ಲಿ ದೋಣಿಯು ಬಂಡೆಗೆ ಬಡಿಯದಂತೆ ಮಗಳೊಬ್ಬಳೇ ಹುಟ್ಟು ಹಾಕುತ್ತ ಕಾಪಾಡಿದಳು. ಮೊದಲ ಸಲ ಐವರು, ಎರಡನೆಯ ಸಲ ನಾಲ್ವರು, ಒಟ್ಟು ಒಂಬತ್ತು ಜನರ ಪ್ರಾಣ ಉಳಿಯಿತು. ಅಂದು ದೀಪವು ಬೆಳಗುತ್ತಿತ್ತು. ಆದರೂ ಬಿರುಗಾಳಿ ಹಡಗನ್ನು ಒಡೆಯಿತು. ದೀಪದಿಂದಾಗದ ಕೆಲಸವನ್ನು ದೀಪ ಕಾಯುವವರು ಮಾಡಿದರು.

ಈ ಕಾವಲುಗಾರರ ಬಾಳೇ ಕಲೆಗಳಿಗೆ ವಸ್ತುವಾಯಿತು. 1900ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಫ್ಲಾನನ್ ದ್ವೀಪದ ದೀಪಸ್ತಂಭದಿಂದ ಮೂವರು ಕಾವಲುಗಾರರು ಕಣ್ಮರೆಯಾದರು. ಅವರು ಏನಾದರೆಂಬುದು ಇಂದಿಗೂ ಬಗೆಹರಿದಿಲ್ಲ. ಆ ಘಟನೆಯಿಂದ ಪ್ರೇರಿತನಾಗಿ ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ ಎಂಬ ಸಂಗೀತಕಾರನು ‘ದೀಪಸ್ತಂಭ’ವೆಂಬ ಅರ್ಥದ ಹೆಸರಿನಲ್ಲಿಯೇ ಒಂದು ಗೀತನಾಟಕವನ್ನು ರಚಿಸಿದನು. ಅದು 1980ರಲ್ಲಿ ಎಡಿನ್‌ಬರೋ ನಗರದಲ್ಲಿ ಮೊದಲು ಪ್ರಯೋಗಗೊಂಡಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ‘ಲೈಟ್‌ಹೌಸ್’ ಎಂಬ ಉಪಾಹಾರಗೃಹವೊಂದಿದೆ. 1949ರಲ್ಲಿ ಅಲ್ಲಿ ಜಾಜ್ ಸಂಗೀತದ ಕೂಟಗಳು ಆರಂಭವಾದವು. ಮುಂದೆ ಆ ಹೆಸರು ಆ ಸಂಗೀತದ ಇತಿಹಾಸದಲ್ಲಿಯೇ ಸೇರಿಹೋಯಿತು. ಅಲ್ಲಿ ಹಡಗುಗಳಿಗೆ ದೀಪವಿರಲಿಲ್ಲ, ಕಲಾವಿದರಿಗೆ ನೆಲೆಯಿತ್ತು.

ಚಲನಚಿತ್ರಕ್ಕೂ ಈ ಒಂಟಿ ಗೋಪುರ ಒಗ್ಗಿತು. ಫ್ರಾನ್ಸಿನ ಜಾನ್ ಗ್ರೆಮಿಯೋನ್ 1929ರಲ್ಲಿ ತೆಗೆದ ಮೂಕಚಿತ್ರವೊಂದರಲ್ಲಿ ತಂದೆ ಮಗನಿಬ್ಬರು ದೀಪ ಕಾಯುತ್ತಾರೆ. ಮಗನು ಹುಚ್ಚುನಾಯಿಯ ಕಡಿತದಿಂದ ವ್ಯಾಧಿಗೆ ಗುರಿಯಾಗುತ್ತಾನೆ. ಮಗನ ಮೇಲಣ ಮಮತೆಗೂ ದೀಪದ ಮೇಲಣ ಹೊಣೆಗೂ ನಡುವೆ ತಂದೆ ಸಿಕ್ಕಿಕೊಳ್ಳುವುದೇ ಅದರ ಕಥೆ. 2019ರಲ್ಲಿ ಅಮೆರಿಕದ ರಾಬರ್ಟ್ ಎಗರ್ಸ್ ತೆಗೆದ, ದೀಪಸ್ತಂಭದ ಹೆಸರನ್ನೇ ಹೊತ್ತ ಕಪ್ಪು ಬಿಳುಪಿನ ಚಿತ್ರದಲ್ಲಿ ಹಿರಿಯ ಕಾವಲುಗಾರನು ಕಿರಿಯನನ್ನು ದೀಪದ ಕೊಠಡಿಗೆ ಸೇರಿಸುವುದೇ ಇಲ್ಲ. ಬೆಳಕನ್ನು ತನಗೊಬ್ಬನಿಗೇ ಇಟ್ಟುಕೊಳ್ಳುತ್ತಾನೆ. ಇಬ್ಬರ ಕೇಡಿಗೂ ಅದು ದಾರಿಯಾಗುತ್ತದೆ. ಎಲ್ಲರಿಗಾಗಿ ಹಚ್ಚಿದ ದೀಪವನ್ನು ಒಬ್ಬನು ಬಚ್ಚಿಟ್ಟರೆ ಏನಾಗುವುದೆಂಬುದಕ್ಕೆ ಈ ಕಥೆ ಎಚ್ಚರಿಕೆಯಂತಿದೆ.

ಕಟ್ಟಡಗಳೂ ಈ ಹೆಸರನ್ನು ತಳೆದುವು. ಕಲ್ಕತ್ತೆಯಲ್ಲಿ 1930ರ ದಶಕದಲ್ಲಿ ಡಚ್ ವಾಸ್ತುಶಿಲ್ಪಿ ಡುಡಾಕ್ ರೂಪಿಸಿದ ಚಿತ್ರಮಂದಿರಕ್ಕೆ ‘ಲೈಟ್‌ಹೌಸ್’ ಎಂದು ಹೆಸರಿಟ್ಟರು. ಅಲ್ಲಿ ಈಗ ಚಿತ್ರ ನಡೆಯುವುದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಒಂದು ಪತ್ರಿಕೆಗಾಗಿ ಮ್ಯಾಕಿಂಟೋಷ್ ಎಂಬ ಪ್ರಸಿದ್ಧ ಶಿಲ್ಪಿಯು 1890ರ ದಶಕದಲ್ಲಿ ರೂಪಿಸಿದ ಕಟ್ಟಡಕ್ಕೆ ಎತ್ತರದ ಗೋಪುರವಿತ್ತು. ಆ ಗೋಪುರದಲ್ಲಿ ಇದ್ದುದು ದೀಪವಲ್ಲ, ಬೆಂಕಿ ಬಿದ್ದಾಗ ನಂದಿಸುವುದಕ್ಕೆಂದು ಇರಿಸಿದ್ದ ನೀರಿನ ತೊಟ್ಟಿ! 1999ರಲ್ಲಿ ಆ ಕಟ್ಟಡವು ವಿನ್ಯಾಸ ಮತ್ತು ವಾಸ್ತುಶಿಲ್ಪಗಳ ಕೇಂದ್ರವಾಗಿ ತೆರೆದಾಗ ಅದಕ್ಕೆ ‘ಲೈಟ್‌ಹೌಸ್’ ಎಂದೇ ನಾಮಕರಣವಾಯಿತು. ನೀರಿನ ಗೋಪುರಕ್ಕೆ ಬೆಳಕಿನ ಹೆಸರು ಬಂದುದು ಅದರ ಎತ್ತರಕ್ಕಾಗಿ ಮಾತ್ರವಲ್ಲ, ಅದು ಕೈಗೊಂಡ ಕಾರ್ಯಕ್ಕಾಗಿಯೂ ಹೌದು.

ಹೆಸರು ಹೀಗೆ ಹರಡುತ್ತಿರುವಾಗಲೇ ದೀಪಸ್ತಂಭದ ಮೂಲ ಕಾರ್ಯವು ಕುಗ್ಗುತ್ತ ಬಂದಿತು. ಉಪಗ್ರಹಗಳು ಹಡಗಿಗೆ ತನ್ನ ನೆಲೆಯನ್ನು ತಿಳಿಸುತ್ತವೆ. ಬ್ರಿಟನ್ನಿನಲ್ಲಿ 1998ರಲ್ಲಿ ಕೊನೆಯ ಕಾವಲುಗಾರರು ಗೋಪುರದಿಂದ ಇಳಿದರು. ದೀಪಗಳು ತಾವಾಗಿಯೇ ಹೊತ್ತಿಕೊಳ್ಳತೊಡಗಿದುವು. ಭಾರತದಲ್ಲಿ 1927ರ ದೀಪಸ್ತಂಭಗಳ ಕಾಯಿದೆಯ ಸ್ಥಾನದಲ್ಲಿ 2021ರಲ್ಲಿ ನೌಕಾಸಂಚಾರದ ಸಾಧನಗಳನ್ನು ಕುರಿತ ಹೊಸ ಕಾಯಿದೆ ಬಂದಿತು. ಕಾಯಿದೆಯ ಹೆಸರಿನಿಂದ ದೀಪಸ್ತಂಭ ಮರೆಯಾಯಿತು. ಆದರೆ ಜನರ ನಾಲಗೆಯಿಂದ ಅದು ಮರೆಯಾಗಲಿಲ್ಲ. ದಾರಿ ತೋರಿದ ಗುರುವನ್ನು, ಶಾಲೆಯನ್ನು, ಗ್ರಂಥವನ್ನು ಇಂದಿಗೂ ದೀಪಸ್ತಂಭವೆಂದೇ ಕರೆಯುವರು.

ಕಡಲಿಲ್ಲದ ಬಾಗಲಕೋಟೆಯ ಸೀಮೆಗೆ ಒಮ್ಮೆ ನೀರು ತಾನಾಗಿಯೇ ಬಂದಿತು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನು ಆವರಿಸಿತು. ಜನರು ನವನಗರಕ್ಕೆ ನಡೆದರು. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ, ಕೃಷ್ಣೆ ಮಲಪ್ರಭೆಗಳು ಕೂಡುವೆಡೆಯಲ್ಲಿ, ಬಸವಣ್ಣನವರ ಐಕ್ಯಮಂಟಪವೂ ನಾರಾಯಣಪುರದ ಹಿನ್ನೀರಿನಲ್ಲಿ ಮುಳುಗಬೇಕಾಗಿತ್ತು. ಅದು ಮುಳುಗದಿರಲೆಂದು ಸುತ್ತಲೂ ದುಂಡಾದ ಎತ್ತರದ ಗೋಡೆಯನ್ನೆಬ್ಬಿಸಿದರು. ಯಾತ್ರಿಕರು ಸೇತುವೆಯ ಮೇಲೆ ಸಾಗಿ, ಮೆಟ್ಟಿಲುಗಳನ್ನಿಳಿದು, ಮಂಟಪವನ್ನು ಕಾಣುತ್ತಾರೆ. ನೀರಿನ ನಡುವೆ ನಿಂತ ಆ ಗೋಪುರವನ್ನು ದೂರದಿಂದ ಕಂಡವರಿಗೆ ಕಡಲ ದೀಪಸ್ತಂಭ ನೆನಪಾದರೆ ಆಶ್ಚರ್ಯವಿಲ್ಲ. ಇತರ ದೀಪಸ್ತಂಭಗಳಲ್ಲಿ ಬೆಳಕಿಗಾಗಿ ಮೇಲೇರಬೇಕು, ಇಲ್ಲಿ ಕೆಳಗಿಳಿಯಬೇಕು.

ಇಳಕಲ್ಲಿನ ಸೀರೆಯ ಮೇಲೆ ಹೆಣ್ಣುಮಕ್ಕಳು ಹಾಕುವ ಕಸೂತಿಯಲ್ಲಿ ಗೋಪುರ, ತೇರು, ಪಲ್ಲಕ್ಕಿಗಳೊಡನೆ ದೀಪವೂ ಒಂದು ಚಿತ್ತಾರ. ಎಳೆ ಎಣಿಸಿ, ಎರಡು ಬದಿಯೂ ಒಂದೇ ಸಮನಾಗಿ ಕಾಣುವಂತೆ ಅದನ್ನು ಹೊಲಿಯಬೇಕು. ಒಂದು ಎಳೆ ತಪ್ಪಿದರೂ ಚಿತ್ತಾರ ಕೆಡುತ್ತದೆ. ದೀಪ ಕಾಯುವವನ ಇರುಳೂ ಅಂಥದೇ. ಎಷ್ಟು ಇರುಳು ದೀಪ ಉರಿಯಿತೆಂದು ನಾವಿಕನು ಕೇಳುವುದಿಲ್ಲ. ಉರಿಯದೆ ಹೋದ ಒಂದೇ ಇರುಳು ಅವನ ಪಾಲಿಗೆ ಕೊನೆಯ ಇರುಳಾದೀತು.

ದೀಪಸ್ತಂಭವು ತನ್ನ ಬೆಳಕನ್ನು ತಾನು ಬಳಸಿಕೊಳ್ಳುವುದಿಲ್ಲ. ತನ್ನ ಬುಡವನ್ನೂ ಅದು ಬೆಳಗುವುದಿಲ್ಲ. ಯಾವ ಹಡಗು, ಯಾವ ದೇಶದ್ದು, ಒಳಗಿರುವವರು ಯಾರು ಎಂದು ಕೇಳದೆ ಬೆಳಕು ಕೊಡುವುದು ಅದರ ಧರ್ಮ. ಗುಡಿಯ ಮುಂದಿನ ದೀಪಕ್ಕೂ ಕಡಲ ತಡಿಯ ದೀಪಕ್ಕೂ ಒಂದೇ ಹೆಸರು ಒಪ್ಪಿದುದು ಈ ಗುಣದಿಂದಲೇ. ಹಾಡಿಗೂ ಚಿತ್ರಕ್ಕೂ ಕಟ್ಟಡಕ್ಕೂ ಆ ಹೆಸರನ್ನು ಎರವಲು ತರಬಹುದು. ಹೆಸರು ಎರವಲಾಗಿ ದೊರೆಯುತ್ತದೆ, ಬೆಳಕು ದೊರೆಯುವುದಿಲ್ಲ. ಅದನ್ನು ಅವರವರೇ ಹಚ್ಚಬೇಕು, ಇರುಳೆಲ್ಲ ಕಾಯಬೇಕು.

ಅಭ್ಯಾಸ

1. ಫಾರೋಸ್ ಎಂಬ ನಡುಗಡ್ಡೆಯ ಹೆಸರು ಬೇರೆ ಭಾಷೆಗಳಲ್ಲಿ ಹೇಗೆ ಉಳಿದುಬಂದಿದೆ?
2. ನಾವಿಕನು ಒಂದು ದೀಪಸ್ತಂಭವನ್ನು ಮತ್ತೊಂದರಿಂದ ಹೇಗೆ ಗುರುತಿಸುತ್ತಾನೆ?
3. ಗ್ರೇಸ್ ಡಾರ್ಲಿಂಗಳ ಸಾಹಸವನ್ನು ನಿಮ್ಮ ಮಾತುಗಳಲ್ಲಿ ವಿವರಿಸಿರಿ.
4. ‘ನೀರಿನ ಗೋಪುರಕ್ಕೆ ಬೆಳಕಿನ ಹೆಸರು ಬಂದಿತು.’ ಸಂದರ್ಭದೊಡನೆ ವಿವರಿಸಿರಿ.
5. ಕೂಡಲಸಂಗಮದ ಗೋಪುರಕ್ಕೂ ಕಡಲ ದೀಪಸ್ತಂಭಕ್ಕೂ ಇರುವ ಸಾಮ್ಯವನ್ನೂ ಭೇದವನ್ನೂ ಬರೆಯಿರಿ.
6. ನಿಮ್ಮ ಊರಿನ ಗುಡಿಯ ಮುಂದೆ ದೀಪದ ಕಂಬವಿದ್ದರೆ ಅದನ್ನು ನೋಡಿ, ಅದರ ಎತ್ತರ, ರಚನೆ, ದೀಪ ಹಚ್ಚುವ ದಿನಗಳನ್ನು ಹಿರಿಯರಿಂದ ಕೇಳಿ ತಿಳಿದು ಬರೆಯಿರಿ.