ನಾಲ್ಕು ಆಕಳ ಲೆಕ್ಕ

ಸಣ್ಣ ಕೊಟ್ಟಿಗೆಯವರು ಸರಾಸರಿಯನ್ನು ನಂಬಿ ಕೂರಬಾರದು. ಹುಟ್ಟುವ ಕರುಗಳಲ್ಲಿ ಗಂಡು–ಹೆಣ್ಣು ಹೆಚ್ಚುಕಡಿಮೆ ಸಮ, ಗಂಡು ತುಸು ಹೆಚ್ಚು, ಅಷ್ಟೆ. ಆದರೆ ಆ ಸಮ ಕಾಣುವುದು ಸಾವಿರಾರು ಕರು ಎಣಿಸಿದಾಗ. ಇಂಡಿ ತಾಲ್ಲೂಕಿನಿಂದ ಬಂದು ಪುಣೆ ಹತ್ತಿರದ ಉರುಳಿಕಾಂಚನದ ಕಡೆ ನೆಲೆನಿಂತ ನಮ್ಮ ಮನೆಯಲ್ಲಿರುವುದು ನಾಲ್ಕು ಎಚ್‌ಎಫ್ ಮಿಶ್ರತಳಿ ಆಕಳು, ಒಂದು ನಾಡತಳಿ ಖಿಲಾರಿ.

ಎಚ್‌ಎಫ್ ಆಕಳುಗಳು ಸಾಲಾಗಿ ಗಂಡುಗರು ಹಾಕಿದಾಗ ಅತ್ತೆ ಹೇಳುತ್ತಿದ್ದರು: ‘ಇಷ್ಟು ಗಂಡ ಆದ್ವಲ್ಲವಾ, ಮುಂದಿಂದು ಹೆಣ್ಣ ಆಗ್ತದ ತಗೋ.’ ಹಾಗೇನೂ ಆಗಬೇಕಿಲ್ಲ. ಹಿಂದಿನದರ ಲೆಕ್ಕ ಮುಂದಿನ ಗಬ್ಬಕ್ಕೆ ಬರುವುದಿಲ್ಲ. ನಾಲ್ಕಾಕಳ ಕೊಟ್ಟಿಗೆಗಳು ನೂರು ಇದ್ದರೆ, ವರ್ಷಕ್ಕೆ ಸುಮಾರು ಆರರಲ್ಲಿ ಹುಟ್ಟಿದ್ದೆಲ್ಲ ಗಂಡೇ ಆಗಿರುತ್ತದೆ. ಎರಡು ಗಂಡು, ಎರಡು ಹೆಣ್ಣು ಬರುವುದು ನಲವತ್ತರೊಳಗೆ. ಇದನ್ನು ತಿಳಿದ ಮೇಲೆ ನನಗೆ ಸಂಕಟವಾದದ್ದು ನೆರೆಯವರ ಆಕಳನ್ನು ನೆನೆದು. ಹಾಲು ಚೆನ್ನಾಗಿ ಕೊಡುತ್ತಿದ್ದ ಅದನ್ನು, ಬರೀ ಗಂಡು ಹಾಕುತ್ತದೆಂದು ಮಾರಿಬಿಟ್ಟರು. ಆಕಳ ಅಂಡದಲ್ಲಿರುವುದು ಎಕ್ಸ್ ಒಂದೇ. ಗಂಡೋ ಹೆಣ್ಣೋ ಎಂಬುದು ಹೋರಿಯ ವೀರ್ಯಾಣುವಿನಿಂದ ಬರುವುದು. ಆಕಳ ಮೇಲೆ ಹೊರಿಸುವ ಈ ದೂರು ಬಲು ಅನ್ಯಾಯದ್ದು.

ಹೆಣ್ಣುಗರು ಇಲ್ಲದ ವರ್ಷದ ಪೆಟ್ಟು ಆಗಲೇ ತಿಳಿಯುವುದಿಲ್ಲ. ಮಣಕ ಬೆಳೆದು ಈದು ಹಾಲಿಗೆ ಬರಲು ಎರಡೂವರೆ–ಮೂರು ವರ್ಷ ಬೇಕು. ಕ್ಯಾನಿನಲ್ಲಿ ಹಾಲು ಇಳಿಯುವುದು ಆಮೇಲೆ. ಆಗ ಸಂತೆಯಿಂದ ಆಕಳು ತರಬೇಕು. ಅದರ ತಾಯಿ ಎಷ್ಟು ಹಿಂಡುತ್ತಿತ್ತು, ಕೆಚ್ಚಲುಬಾವು ಆಗಿತ್ತೇ, ಯಾರನ್ನು ಕೇಳುವುದು?

ಮಣಿಭಾಯಿ ದೇಸಾಯಿ ಅವರು 1967ರಲ್ಲಿ ಕಟ್ಟಿದ ಬಾಯ್ಫ್ ಸಂಸ್ಥೆ ನಮ್ಮೂರಿನದೇ. ಹೆಣ್ಣುಗರುವಿಗಾಗಿ ಲಿಂಗ ವಿಂಗಡಿಸಿದ ವೀರ್ಯದ ಸ್ಟ್ರಾಗಳು ಈಗ ಅಲ್ಲೇ ತಯಾರಾಗುತ್ತವೆ. ಎಕ್ಸ್ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ಶೇಕಡ 4ರಷ್ಟು ಹೆಚ್ಚಿರುತ್ತದೆ. ಬಣ್ಣ ಹಚ್ಚಿ ಲೇಸರ್ ಬೆಳಕಿನಲ್ಲಿ ಆ ವ್ಯತ್ಯಾಸ ಹಿಡಿದು ಬೇರ್ಪಡಿಸುತ್ತಾರೆ. ಗಬ್ಬ ನಿಂತರೆ ಹತ್ತರಲ್ಲಿ ಒಂಬತ್ತು ಹೆಣ್ಣು. ಆದರೆ ಗಬ್ಬ ನಿಲ್ಲುವುದು ಮಾಮೂಲಿ ಸ್ಟ್ರಾಗಿಂತ ಕಡಿಮೆ, ಏಕೆಂದರೆ ಅದರಲ್ಲಿ ವೀರ್ಯಾಣುಗಳೂ ಕಡಿಮೆ, ಯಂತ್ರದಲ್ಲಿ ಹಾದು ಬಂದು ದಣಿದವು ಬೇರೆ. ಹೀಗಾಗಿ ಒಳ್ಳೆ ತಾಯಿಯ, ಮೈತುಂಬಿದ ಮಣಕಗಳಿಗೆ, ಬೆದೆ ಸ್ಪಷ್ಟವಾಗಿ ಕಂಡಾಗ ಮಾತ್ರ ಅದನ್ನು ಹಾಕಿಸುತ್ತೇವೆ. ಎರಡು ಸಲ ತಿರುಗಿದ ಆಕಳಿಗೆ ಮಾಮೂಲಿಯದೇ. ಎಲ್ಲಕ್ಕೂ ಹಾಕಿಸಿ ಎಂದು ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ; ಖಾಲಿ ತಿಂಗಳುಗಳ ಮೇವಿನ ಖರ್ಚನ್ನು ಅವರು ಎಣಿಸುವುದಿಲ್ಲ.

ಗಂಡುಗರುವಿನ ಕಥೆ ಇನ್ನೂ ಕಷ್ಟದ್ದು. ಮಹಾರಾಷ್ಟ್ರದಲ್ಲಿ 2015ರಿಂದ ಹೋರಿ, ಎತ್ತುಗಳ ವಧೆಗೂ ನಿಷೇಧವಿದೆ. ಉಳುಮೆ ಟ್ರ್ಯಾಕ್ಟರಿನದು. ಡುಬ್ಬವಿಲ್ಲದ, ಬಿಸಿಲು ತಾಳದ ಮಿಶ್ರತಳಿ ಗಂಡನ್ನು ಕೊಳ್ಳುವವರಿಲ್ಲ. ಹಾಗಾಗಿ ಎಷ್ಟೋ ಕಡೆ ಅದಕ್ಕೆ ಗಿಣ್ಣುಹಾಲನ್ನೂ ಹೊಟ್ಟೆತುಂಬ ಬಿಡುವುದಿಲ್ಲ, ಭೇದಿ ಹತ್ತಿ ಸಾಯುತ್ತದೆ. ಹುಟ್ಟಿದ ಗಂಟೆ ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯುವ ಹಕ್ಕು ಗಂಡಿಗೂ ಇದೆ. ನಮ್ಮಲ್ಲಿ ಇದನ್ನು ಮೀರುವಂತಿಲ್ಲ.

ಖಿಲಾರಿಗೆ ಮಾತ್ರ ವಿಂಗಡಿಸಿದ ಸ್ಟ್ರಾ ಹಾಕಿಸುವುದಿಲ್ಲ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಎತ್ತಿನಗಾಡಿ ಓಟದ ಕಾನೂನನ್ನು ಎತ್ತಿಹಿಡಿಯಿತು. ಓಟಕ್ಕೆ ಖೇಡ, ಮಂಚರ, ಜುನ್ನರ ಕಡೆಯವರಿಗೆ ಬೇಕಾದದ್ದು ಖಿಲಾರಿ ಹೋರಿಯೇ. ಅದರ ಗಂಡುಗರುವನ್ನು ಕೇಳಿಕೊಂಡು ಅವರೇ ನಮ್ಮ ಮನೆಗೆ ಬರುತ್ತಾರೆ.