ಹಳೆಯ ಕಾಲಕ್ಕೆ ತೆರೆಯುವ ಮನೆಬಾಗಿಲು

ಕಥೆಪುಸ್ತಕ ಹಿಡಿದ ಹುಡುಗಿ ಮನೆಗೆಲಸವನ್ನು ಮರೆಯುವಳು; ಮಾಯಾಮಂತ್ರಗಳ ಕಥೆಯಾದರಂತೂ ಸತ್ಯಾಸತ್ಯಗಳ ವಿವೇಕವನ್ನೇ ಕಳೆದುಕೊಳ್ಳುವಳು ಎಂದು ಪೋಷಕರಲ್ಲಿ ಹಲವರು ಆಕ್ಷೇಪಿಸುವದುಂಟು. ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ಎಣಿಸುವವರಲ್ಲ. ಆದರೂ ಒಂದು ಬಗೆಯ ಕಥೆಗಳಿಗೆ ಅದು ಸಲ್ಲದೆಂಬದು ನಮ್ಮ ಅಭಿಪ್ರಾಯ. ನಿತ್ಯದ ಮನೆವಾರ್ತೆಯ ನಡುವೆ, ನಮ್ಮ ನಿಮ್ಮಂಥ ಮನೆಗಳ ಮಕ್ಕಳು ಬೇರೊಂದು ಕಾಲಕ್ಕೆ ಹೋಗಿ ಬರುವ ಕಥೆಗಳೇ ಅವು. ನಮಗೆ ಬಹು ಪ್ರಿಯವಾದ ಅಂಥ ಮೂರು ಆಂಗ್ಲ ಕಾದಂಬರಿಗಳನ್ನು ಇಲ್ಲಿ ವಿಚಾರಿಸೋಣ.

ಕಾಲವು ಎಲ್ಲೆಡೆಯಲ್ಲಿಯೂ ಒಂದೇ ಸಮನಾಗಿ ಹರಿಯದೆಂಬ ಕಲ್ಪನೆ ನಮ್ಮ ದೇಶಕ್ಕೆ ಹೊಸದಲ್ಲ. ಮಗಳಾದ ರೇವತಿಗೆ ತಕ್ಕ ವರನಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿರಾಜನು ಅಲ್ಲಿಯ ಗಾನ ಮುಗಿಯುವ ತನಕ ಕಾದಿರಲಾಗಿ, ಭೂಮಿಯಲ್ಲಿ 27 ಚತುರ್ಯುಗಗಳು ಕಳೆದುಹೋದುವೆಂದು ಭಾಗವತವು ಹೇಳುತ್ತದೆ. ಇಂಗ್ಲೆಂಡಿನಲ್ಲಿ ಎಚ್. ಜಿ. ವೆಲ್ಸ್ ಎಂಬವನು 1895ರಲ್ಲಿ ಬರೆದ ಕಾದಂಬರಿಯೊಂದರಲ್ಲಿ ಮನುಷ್ಯನು ಯಂತ್ರವನ್ನೇರಿ ಭವಿಷ್ಯತ್ಕಾಲಕ್ಕೆ ಹೋಗುತ್ತಾನೆ. ನಾವು ಹೇಳಹೊರಟ ಕಥೆಗಳಲ್ಲಿ ದೇವಲೋಕವಿಲ್ಲ, ಯಂತ್ರವೂ ಇಲ್ಲ. ಒಂದು ತಾಯಿತ, ಒಂದು ಕದ, ಒಂದು ಗಡಿಯಾರ, ಇಷ್ಟರಿಂದಲೇ ಕಾರ್ಯ ನಡೆಯುತ್ತದೆ.

ಮೊದಲನೆಯದು, ಇ. ನೆಸ್‌ಬಿಟ್ (1858–1924) ಎಂಬಾಕೆ 1906ರಲ್ಲಿ ಪ್ರಕಟಿಸಿದ ‘ದಿ ಸ್ಟೋರಿ ಆಫ್ ದಿ ಅಮ್ಯುಲೆಟ್’. ತಂದೆಯು ಯುದ್ಧವಾರ್ತೆಗಳನ್ನು ಬರೆಯಲು ಮಂಚೂರಿಯಕ್ಕೆ ಹೋಗಿದ್ದಾನೆ. ಕಾಯಿಲೆಯಿಂದೆದ್ದ ತಾಯಿ ಕೈಗೂಸಿನೊಂದಿಗೆ ಮದೀರಾ ದ್ವೀಪದಲ್ಲಿದ್ದಾಳೆ. ನಾಲ್ವರು ಮಕ್ಕಳು ಲಂಡನ್ನಿನಲ್ಲಿ, ಬ್ರಿಟಿಷ್ ಮ್ಯೂಸಿಯಮ್ಮಿಗೆ ಸಮೀಪದಲ್ಲಿ, ತಮ್ಮ ಮುದಿ ದಾದಿಯ ಮನೆಯಲ್ಲಿ ಉಳಿದಿದ್ದಾರೆ. ಅಂಗಡಿಯಲ್ಲಿ ಕೊಂಡ ತಾಯಿತದ ಅರ್ಧಭಾಗವನ್ನು ಎತ್ತಿ ಹಿಡಿದು ಮಂತ್ರಪದವನ್ನು ಉಚ್ಚರಿಸಿದರೆ ಅದು ಬೆಳೆದು ಕಮಾನಾಗುತ್ತದೆ. ಅದರೊಳಗಿಂದ ಅವರು ಪ್ರಾಚೀನ ಐಗುಪ್ತಕ್ಕೂ ಬಾಬಿಲೋನಿಗೂ ಹೋಗಿಬರುತ್ತಾರೆ. ಕಳೆದುಹೋದ ಇನ್ನೊಂದು ಅರ್ಧವು ದೊರಕಿದರೆ ಮನದಿಚ್ಛೆ ನೆರವೇರುವದು. ಅವರ ಇಚ್ಛೆಯೋ ತಂದೆತಾಯಿಗಳು ಮನೆಗೆ ಬರಬೇಕೆಂಬದೊಂದೇ.

ಈ ಪುಸ್ತಕದ ವಿಶೇಷವು ಇಲ್ಲಿದೆ. ಒಮ್ಮೆ ಬಾಬಿಲೋನಿನ ರಾಣಿಯೇ ಲಂಡನ್ನಿಗೆ ಬಂದು, ಬೀದಿಯಲ್ಲಿ ನಡೆಯುವ ಬಡ ಕೆಲಸಗಾರರನ್ನು ಕಂಡು, ನಿಮ್ಮ ಗುಲಾಮರನ್ನು ಇಷ್ಟು ಹೀನಸ್ಥಿತಿಯಲ್ಲಿ ಇಡುವದೇಕೆಂದು ಕೇಳುತ್ತಾಳೆ. ಅವರು ಗುಲಾಮರಲ್ಲವೆಂದು ಮಕ್ಕಳು ಹೇಳಿದರೂ ಆಕೆಗೆ ಅರ್ಥವಾಗುವದಿಲ್ಲ. ಇನ್ನೊಮ್ಮೆ ಮಕ್ಕಳು ಭವಿಷ್ಯದ ಲಂಡನ್ನಿಗೆ ಹೋದಾಗ ಅಳುತ್ತಿರುವ ಬಾಲಕನೊಬ್ಬನನ್ನು ಕಾಣುತ್ತಾರೆ. ಕಸವನ್ನು ಬೀದಿಗೆ ಎಸೆದುದಕ್ಕಾಗಿ ಅವನನ್ನು ಒಂದು ದಿವಸದ ಮಟ್ಟಿಗೆ ಶಾಲೆಯಿಂದ ಹೊರಗಿಟ್ಟಿದ್ದರಂತೆ. ಅದೇ ಅವನ ದುಃಖ! ಶಾಲೆಗೆ ಬಾರದಿರುವದೇ ಶಿಕ್ಷೆಯಾಗುವಂಥ ಶಾಲೆಯನ್ನು ಆಕೆ ಕಲ್ಪಿಸಿದಳು. ಉಪಾಧ್ಯಾಯಿನಿಯರಾದ ನಾವು ಈ ಪುಟವನ್ನು ಓದಿ ನಗುತ್ತೇವೆ. ನಕ್ಕ ಬಳಿಕ ಸುಮ್ಮನೆ ಕುಳಿತು ಯೋಚಿಸುತ್ತೇವೆ.

ಎರಡನೆಯದು, ಆಲಿಸನ್ ಅಟ್ಲಿ (1884–1976) ಬರೆದ ‘ಎ ಟ್ರಾವೆಲರ್ ಇನ್ ಟೈಮ್’ (1939). ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ 1906ರಲ್ಲಿ ಭೌತಶಾಸ್ತ್ರದ ಪದವಿಯನ್ನು ಪಡೆದು, ಶಾಲೆಯಲ್ಲಿ ವಿಜ್ಞಾನವನ್ನು ಕಲಿಸಿದವಳೇ ಈ ಕಥೆಯನ್ನು ಬರೆದಳೆಂಬದನ್ನು ಆಕ್ಷೇಪಿಸುವ ಪೋಷಕರು ಗಮನಿಸತಕ್ಕದ್ದು. ಆರೋಗ್ಯ ಸಾಲದ ಪೆನೆಲೊಪಿ ಎಂಬ ಹುಡುಗಿಯನ್ನು ಡರ್ಬಿಷೈರ್ ಪ್ರಾಂತದ ಹಳೆಯ ಹೊಲಮನೆಗೆ ಕಳುಹಿಸುತ್ತಾರೆ. ಅಲ್ಲಿ ಅವಳು ಒಂದು ಕದವನ್ನು ತೆರೆದಾಗ, ಅದೇ ಮನೆಯಲ್ಲಿ 16ನೆಯ ಶತಮಾನದವರು ವಾಸಿಸುತ್ತಿರುವದನ್ನು ಕಾಣುತ್ತಾಳೆ. ಅಡಿಗೆಮನೆಯ ಸಿಸಿಲಿ ಎಂಬ ಹೆಂಗಸು ಅವಳ ದೊಡ್ಡತ್ತೆಯನ್ನೇ ಹೋಲುತ್ತಾಳೆ. ಸೊಪ್ಪು, ಸುಗಂಧಮೂಲಿಕೆ, ರೊಟ್ಟಿ, ಒಲೆಯ ಕೆಲಸ ಎರಡು ಕಾಲಗಳಲ್ಲಿಯೂ ಒಂದೇ.

ಆದರೆ ಮನೆಯ ಯಜಮಾನನಾದ ಆಂಟನಿ ಬ್ಯಾಬಿಂಗ್ಟನನು ಸೆರೆಯಲ್ಲಿದ್ದ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಬಿಡಿಸಲು ಹವಣಿಸುತ್ತಿದ್ದಾನೆ. ಅವನಿಗೆ 1586ರಲ್ಲಿಯೂ ರಾಣಿಗೆ 1587ರಲ್ಲಿಯೂ ಮರಣದಂಡನೆಯಾಯಿತೆಂಬದು ಚರಿತ್ರೆ. ಹುಡುಗಿಯು ಇದನ್ನು ಬಲ್ಲಳು, ಆದರೂ ತಪ್ಪಿಸಲಾರಳು. ಪರೀಕ್ಷೆಗಾಗಿ ಕಂಠಪಾಠ ಮಾಡಿದ ಇಸವಿಯು, ತಾನು ಪ್ರೀತಿಸುವವರ ಸಾವಿನ ದಿನವಾಗಿ ಎದುರು ನಿಂತಾಗ ಹೇಗಿರುವದು? ಚರಿತ್ರೆಯ ಪಾಠವನ್ನು ಇಷ್ಟು ಮನಮುಟ್ಟುವಂತೆ ಕಲಿಸುವದು ನಮಗೆ ಸುಲಭಸಾಧ್ಯವಲ್ಲ.

ಮೂರನೆಯದು, ಫಿಲಿಪಾ ಪಿಯರ್ಸ್ (1920–2006) ಬರೆದ ‘ಟಾಮ್ಸ್ ಮಿಡ್‌ನೈಟ್ ಗಾರ್ಡನ್’. 1958ರಲ್ಲಿ ಪ್ರಕಟವಾದ ಈ ಪುಸ್ತಕಕ್ಕೆ ಕಾರ್ನೆಗಿ ಪದಕವು ಲಭಿಸಿತು. ತಮ್ಮನಿಗೆ ದಡಾರವಾದ ಕಾರಣ ಟಾಮ್ ಎಂಬ ಹುಡುಗನನ್ನು ಚಿಕ್ಕಮ್ಮನ ಮನೆಗೆ ಕಳುಹಿಸುತ್ತಾರೆ. ಆಟವಿಲ್ಲ, ಜೊತೆಗಾರರಿಲ್ಲ, ತೋಟವೂ ಇಲ್ಲ. ಕೆಳಗಿನ ಹಜಾರದ ದೊಡ್ಡ ಗಡಿಯಾರವು ಒಂದು ರಾತ್ರಿ ಹದಿಮೂರು ಹೊಡೆಯುತ್ತದೆ. ಹಿತ್ತಲ ಬಾಗಿಲನ್ನು ತೆರೆದರೆ ಹಿಂದಿನ ಕಾಲದ ವಿಶಾಲವಾದ ತೋಟ, ಅಲ್ಲಿ ಹ್ಯಾಟಿ ಎಂಬ ತಬ್ಬಲಿ ಹುಡುಗಿ. ಇವನು ಪ್ರತಿರಾತ್ರಿಯೂ ಹೋಗುವನು. ಅವಳೋ ವರ್ಷವರ್ಷಕ್ಕೆ ಬೆಳೆಯುವಳು. ತನ್ನ ಹಿಮಪಾದುಕೆಗಳನ್ನು ಅವಳು ನೆಲದ ಹಲಿಗೆಯ ಅಡಿಯಲ್ಲಿ ಇಟ್ಟುಹೋದದ್ದರಿಂದ ಅವು ಇವನ ಕಾಲದಲ್ಲಿ ಇವನಿಗೆ ಸಿಕ್ಕುತ್ತವೆ. ಒಂದೇ ಜೊತೆ ಪಾದುಕೆಗಳನ್ನು ಇಬ್ಬರೂ ಏಕಕಾಲದಲ್ಲಿ ಧರಿಸಿ, ಹೆಪ್ಪುಗಟ್ಟಿದ ನದಿಯ ಮೇಲೆ ಈಲಿ ಪಟ್ಟಣದ ತನಕ ಜಾರಿಹೋಗುತ್ತಾರೆ. ಕಡೆಯಲ್ಲಿ ತಿಳಿಯುವದೇನಂದರೆ, ಮಕ್ಕಳ ಸದ್ದನ್ನು ಸೈರಿಸಳೆಂದು ಎಲ್ಲರೂ ಹೆದರುತ್ತಿದ್ದ, ಮೇಲಂತಸ್ತಿನ ಮುದುಕಿಯೇ ಆ ಹ್ಯಾಟಿ! ಗಡಿಯಾರವು ಅವಳದು, ತೋಟವು ಅವಳ ಕನಸಿನದು. ಆ ಗಡಿಯಾರದಲ್ಲಿ, ಪ್ರಕಟನೆ ಗ್ರಂಥದ 10ನೆಯ ಅಧ್ಯಾಯದಲ್ಲಿ ದೇವದೂತನು ಕಾಲದ ವಿಷಯವಾಗಿ ನುಡಿದ ಮಾತು ಬರೆದಿದೆಯೆಂಬದನ್ನು ನಮ್ಮ ಪೂರ್ವವಿದ್ಯಾರ್ಥಿನಿಯರು ಗುರುತಿಸದೆ ಇರರು.

ಪ್ರಾಪ್ತವಯಸ್ಕರಾದ ಪೂರ್ವವಿದ್ಯಾರ್ಥಿನಿಯರು ಅಮೇರಿಕದ ಆಕ್ಟೇವಿಯಾ ಬಟ್ಲರಳ ‘ಕಿಂಡ್ರೆಡ್’ (1979) ಎಂಬದನ್ನೂ ಓದಬಹುದು. 1976ರ ಕರಿಯ ತರುಣಿಯೊಬ್ಬಳು ಗುಲಾಮಗಿರಿಯ ದಿನಗಳಿಗೆ ಮತ್ತೆ ಮತ್ತೆ ಎಳೆಯಲ್ಪಡುವ ಕಠೋರ ಕಥೆಯದು; ಅಲ್ಲಿಂದ ಅವಳು ಒಂದು ತೋಳನ್ನು ಕಳೆದುಕೊಂಡೇ ಹಿಂದಿರುಗುತ್ತಾಳೆ. ಇದನ್ನು ಚಿಕ್ಕವರ ಕೈಗೆ ಕೊಡತಕ್ಕದ್ದಲ್ಲ.

ನಾವು ಮೊದಲು ಹೇಳಿದ ಮೂರರಲ್ಲಿಯೂ ಮಾಯೆಗೆ ಮಿತಿಯುಂಟು. ಪೆನೆಲೊಪಿಗೆ ರಾಣಿಯನ್ನು ಉಳಿಸಲಾಗದು. ಟಾಮನಿಗೆ ತೋಟದಲ್ಲಿ ನಿಲ್ಲಲಾಗದು. ನೆಸ್‌ಬಿಟ್ಟಳ ಮಕ್ಕಳು ದಾದಿಯ ಮನೆಗೆ ಮರಳಲೇಬೇಕು. ಕಳೆದ ಕಾಲವು ಬದಲಾಗದು. ಹೋಗಿಬಂದವರ ಕಣ್ಣು ಮಾತ್ರ ಬದಲಾಗುವದು. ಮೇಲಂತಸ್ತಿನ ಮುದುಕಿಯನ್ನು ಟಾಮನು, ಅವಳಿನ್ನೂ ಚಿಕ್ಕ ಹುಡುಗಿಯೋ ಎಂಬಂತೆ, ಅಪ್ಪಿಕೊಳ್ಳುತ್ತಾನೆ. ಇಂಥ ಕಥೆಯನ್ನು ಓದಿದ ಹುಡುಗಿಯು ಮನೆಯನ್ನು ಮರೆತಳೆಂದು ಹೇಳುವದು ಹೇಗೆ? ಮೂಲೆಯಲ್ಲಿ ಕುಳಿತ ಅಜ್ಜಿಯೂ ಒಂದು ಕಾಲದಲ್ಲಿ ಹತ್ತು ವರ್ಷದವಳಾಗಿದ್ದಳೆಂಬದು ಅವಳಿಗೆ ಹೊಳೆದರೆ, ಓದಿದ್ದು ಸಾರ್ಥಕವಾಯಿತು.

ಆದಕಾರಣ ಪೋಷಕರು ಇಂಥ ಪುಸ್ತಕಗಳನ್ನು ನಿಷೇಧಿಸದೆ, ಓದಿ ಮುಗಿಸಿದ ಮಗಳಿಗೆ ಈ ಮೂರು ಪ್ರಶ್ನೆಗಳನ್ನು ಹಾಕಿ ನೋಡಬೇಕೆಂದು ಬೇಡುತ್ತೇವೆ:

1. ಆ ಮಕ್ಕಳಿಗೆ ಬದಲಾಯಿಸಲಾಗದೆ ಹೋದದ್ದು ಯಾವದು? ಬದಲಾಯಿಸಲು ಸಾಧ್ಯವಾದದ್ದು ಯಾವದು?

2. ಬಾಬಿಲೋನಿನ ರಾಣಿಯು ನಮ್ಮ ಊರಿಗೆ ಬಂದರೆ ಯಾರನ್ನು ನೋಡಿ, ಏನೆಂದು ಕೇಳುವಳು?

3. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹಳೆಯದಾದ ವಸ್ತು ಯಾವದು? ಅದನ್ನು ಮೊದಲು ಕೈಯಲ್ಲಿ ಹಿಡಿದವರು ಯಾರು?

ಮೂರನೆಯ ಪ್ರಶ್ನೆಗೆ ಉತ್ತರವು ಪುಸ್ತಕದಲ್ಲಿ ಸಿಕ್ಕದು. ಅದನ್ನು ಅಜ್ಜಿಯ ಹತ್ತಿರ ಹೋಗಿ, ಅವಳು ಹೇಳಬಲ್ಲ ದಿನಗಳಿರುವಾಗಲೇ, ಕೇಳತಕ್ಕದ್ದು.