ಮನವಿಗೆ ಸಹಿ ಹಾಕುವ ಮೊದಲು

ತಮ್ಮಂದಿರಾ, ಆನ್‌ಲೈನ್ ಜೂಜಿನ ವಿರುದ್ಧ ನೀವು ಬರೆಯುತ್ತಿರುವ ಮನವಿ ಓದಿದೆ. ನಮ್ಮ ಕೊಳಗಲ್ಲಿನ ಹುಡುಗರು ಇಂಥದ್ದಕ್ಕೆ ಕೈಹಾಕಿದ್ದು ನನಗೆ ಹೆಮ್ಮೆ. ಆದರೆ ‘ಪೂರ್ತಿ ಬಂದ್ ಮಾಡಿ, ಆಡಿದವರನ್ನು ಒಳಗೆ ಹಾಕಿ’ ಎಂಬ ಎರಡು ಸಾಲು ತೆಗೆದುಬಿಡಿ. ಆ ಜಾಗದಲ್ಲಿ ಹಣ ಹೋಗುವ ದಾರಿಯ ಬಗ್ಗೆ ಬರೆಯಿರಿ.

ಬಂದ್ ಮಾಡುವುದನ್ನು ನಮ್ಮ ರಾಜ್ಯ 2021ರಲ್ಲೇ ಪೊಲೀಸ್ ಕಾಯ್ದೆ ತಿದ್ದಿ ನೋಡಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಎಂದು ಹಿಡಿದ ಆ ಕಲಮುಗಳನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ರದ್ದು ಮಾಡಿತು. ಈಗ ಕೇಂದ್ರದ್ದೇ ಕಾಯ್ದೆ ಇದೆ. 2025ರ ಆಗಸ್ಟ್ 22ರಂದು ಅಂಕಿತ ಬಿತ್ತು. ಹಣ ಕಟ್ಟಿಸಿಕೊಂಡು ಆಡಿಸುವುದಕ್ಕೇ ಅದರಲ್ಲಿ ನಿಷೇಧ. ಆ ಹಣ ದಾಟಿಸುವ ಬ್ಯಾಂಕಿಗೆ, ಪೇಮೆಂಟ್ ಕಂಪನಿಗೆ 1 ಕೋಟಿ ರೂಪಾಯಿವರೆಗೆ ದಂಡ, 3 ವರ್ಷದವರೆಗೆ ಜೈಲು. ಆಡಿದವನಿಗೆ ಶಿಕ್ಷೆಯಿಲ್ಲ. ಅದು ಹಾಗೇ ಇರಲಿ. ಮಗ ಜೈಲಿಗೆ ಹೋಗುತ್ತಾನೆ ಎಂದರೆ ಯಾವ ತಾಯಿ ಠಾಣೆ ಮೆಟ್ಟಿಲು ಹತ್ತುತ್ತಾಳೆ?

ಕಾಯ್ದೆ ಇದ್ದರೂ ಹಣ ಹೋಗುತ್ತಿರುವುದು ಹೇಗೆ? ಹೊರದೇಶದ ಬೆಟ್ಟಿಂಗ್ ಆ್ಯಪ್‌ಗಳು ತಮ್ಮ ಹೆಸರಿನಲ್ಲಿ ಹಣ ತಗೊಳ್ಳುವುದಿಲ್ಲ. ಓದುವ ಹುಡುಗನದೋ ಕೂಲಿಯವನದೋ ಖಾತೆಯನ್ನು ಎಟಿಎಂ ಕಾರ್ಡು, ಸಿಮ್ಮು ಸಮೇತ ಬಾಡಿಗೆಗೆ ಹಿಡಿಯುತ್ತಾರೆ. ಯುಪಿಐನಲ್ಲಿ ಕಾಣುವುದು ಯಾರದೋ ಹೆಸರು. ಬ್ಯಾಂಕಿಗೆ ಅದು ಇಬ್ಬರ ನಡುವಿನ ಕೈಬದಲು. ಕೊನೆಗೆ ಪೊಲೀಸರು ಬರುವುದು ಆ ಬಡವನ ಮನೆಗೆ. ಮನವಿಯ ಜೀವ ಇಲ್ಲಿರಬೇಕು. ಹೊಸ ಖಾತೆಗೆ ಗುರುತಿಲ್ಲದ ಹತ್ತಾರು ಜನರಿಂದ ದಿನವೂ ಹಣ ಬಿದ್ದು ಅಂದೇ ಖಾಲಿಯಾಗುತ್ತಿದ್ದರೆ ಬ್ಯಾಂಕು ತಡೆದು ವಿಚಾರಿಸಲಿ ಎಂದು ಕೇಳಿ.

ಇದರ ಜೊತೆಗೇ ಇನ್ನೊಂದು ಮಾತೂ ಬರಬೇಕು. ಮೆಣಸಿನಕಾಯಿ ಮಾರಿದ ರೈತನ ಖಾತೆ, ಕಿರಾಣಿ ಅಂಗಡಿಯವರ ಖಾತೆ ಅನುಮಾನದ ಮೇಲೆ ಸಿಕ್ಕಿಬಿದ್ದರೆ ಎಷ್ಟು ದಿನದೊಳಗೆ ಬಿಡಬೇಕು, ಯಾರ ಬಳಿ ದೂರು ಕೊಡಬೇಕು? ಇದನ್ನು ಬರೆಯದಿದ್ದರೆ ನಾಳೆ ಊರಿನವರೇ ನಿಮ್ಮ ಎದುರು ನಿಲ್ಲುತ್ತಾರೆ, ಅವರದು ತಪ್ಪೂ ಅಲ್ಲ.

ಬೇಡಿಕೆ ಖಚಿತವಾಗಿರಲಿ. ಅಮೆರಿಕ 2006ರಲ್ಲಿ ಅಕ್ರಮ ಆನ್‌ಲೈನ್ ಜೂಜಿನ ಹಣ ತಡೆಯಿರಿ ಎಂದು ಬ್ಯಾಂಕುಗಳಿಗೆ ಕಾನೂನು ಮಾಡಿತು. ಯಾವುದು ಅಕ್ರಮ ಎಂಬುದನ್ನು ಸ್ಪಷ್ಟವಾಗಿ ಹೇಳಲಿಲ್ಲ. ಬ್ಯಾಂಕುಗಳು ಆಕ್ಷೇಪ ಎತ್ತಿದವು, ನಿಯಮ ಪಾಲನೆ 2010ರ ಜೂನ್‌ವರೆಗೆ ಎಳೆಯಿತು.

ದೆಹಲಿಗೆ ಕಳಿಸಿ ಸುಮ್ಮನಾಗಬೇಡಿ. ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ನಮ್ಮ ಬಳ್ಳಾರಿಯಲ್ಲೇ ಇದೆ. ಹಳ್ಳಿ ಹಳ್ಳಿಯ ಖಾತೆಗಳು ಅವರ ಕೈಯಲ್ಲಿವೆ. ಒಂದು ಪ್ರತಿ ಹಿಡಿದು ಮೊದಲು ಅಲ್ಲಿಗೇ ಹೋಗಿ, ಕೂತು ಮಾತಾಡಿ. ಅಲ್ಲಿಯವರೆಗೆ ಊರಿನಲ್ಲಿ ಯಾರಾದರೂ ಖಾತೆ ಬಾಡಿಗೆಗೆ ಕೇಳಿದರೆ ಕೊಡಬೇಡಿ ಎಂದು ಮನೆಮನೆಗೆ ಹೇಳಿ, ಮೋಸ ಹೋದವರಿಂದ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.